ಬರಿಯೂರಿಗೆ ಒಂದು ಕೊಡೆ

ನಮ್ಮೂರಿನಲ್ಲಿ ಚಪ್ಪಲಿಗಳು ತಾವಾಗಿಯೇ ಮನೆಗೆ ಹೋಗುತ್ತವೆ. ಎಲ್ಲ ಚಪ್ಪಲಿಗಳೂ ಅಲ್ಲ, ಅಂಚೆ ಕಚೇರಿಯ ಹಿಂದಿನ ಬೀದಿಯ ಆರೇಳು ಮನೆಯವು ಮಾತ್ರ. ಮದುವೆ ಮನೆಯಲ್ಲಿ ಊಟ ತಡವಾದರೆ ಅವು ಯಜಮಾನರಿಗೆ ಕಾಯದೆ ಜೋಡಿ ಜೋಡಿಯಾಗಿ ಹೊರಟುಬಿಡುತ್ತವೆ. ಆಮೇಲೆ ಯಜಮಾನರು ಬರಿಗಾಲಿನಲ್ಲಿ ಬಿಸಿಲು ತುಳಿಯುತ್ತ ಬರುವುದನ್ನು ನೋಡಿ ಯಾರೂ ನಗುವುದಿಲ್ಲ, ಅಷ್ಟು ರೂಢಿಯಾಗಿಹೋಗಿದೆ. ನನ್ನ ಅಮ್ಮನ ಸೌಟು, ಉಪ್ಪು ಹೆಚ್ಚಾದ ಸಾರಿನೊಳಗೆ ಇಳಿಯುವುದೇ ಇಲ್ಲ. ಪುರಸಭೆ ಕಚೇರಿಯ ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿರುವ ತಾಯವ್ವನ ಹಿತ್ತಾಳೆ ತಂಬಿಗೆ ಎಂದೂ ಬರಿದಾಗುವುದಿಲ್ಲ. ಅಪ್ಪಿತಪ್ಪಿ ಉರುಳಿತೋ, ಮತ್ತೆ ನೆಟ್ಟಗೆ ನಿಲ್ಲಿಸುವವರೆಗೂ ಸುರಿಯುತ್ತಲೇ ಇರುತ್ತದೆ. ಅದಕ್ಕೇ ತಾಯವ್ವ ಅದನ್ನು ಮೂರು ಕಲ್ಲುಗಳ ನಡುವೆ ಕೂರಿಸಿ, ತೊಟ್ಟಿಲ ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾಳೆ. ಇಂಥವಕ್ಕೆಲ್ಲ ನಾವು ಗುಣದ ವಸ್ತು ಎನ್ನುತ್ತೇವೆ. ಮನೆಗೆ ಐದೋ ಹತ್ತೋ ಇವೆ. ಅವುಗಳ ಸುದ್ದಿ ತೆಗೆದರೆ ಜನ ಆಕಳಿಸುತ್ತಾರೆ.

ಇಂಥ ಊರಿನಲ್ಲಿ ನನ್ನ ಹತ್ತಿರ ಏನೂ ಇರಲಿಲ್ಲ.

ಇಪ್ಪತ್ತೊಂದು ತುಂಬಿದವರೆಲ್ಲ ತಮ್ಮದೇ ಆದ ಒಂದು ಗುಣದ ವಸ್ತುವನ್ನು ಪುರಸಭೆಯ ದಪ್ಪ ಪುಸ್ತಕದಲ್ಲಿ ಬರೆಸಬೇಕು. ನನಗೆ ಇಪ್ಪತ್ತೊಂದು ತುಂಬಿ ಐದು ತಿಂಗಳಾದರೂ ಮನೆಯ ಯಾವ ವಸ್ತುವೂ ನನ್ನ ಕೈಯಲ್ಲಿ ಮಿಸುಕಲಿಲ್ಲ. ಬಾಚಣಿಗೆ ಬಾಚಣಿಗೆಯಾಗಿಯೇ ಉಳಿಯಿತು. ಡೈರಿ ನಾನು ಬರೆದಷ್ಟನ್ನೇ ಇಟ್ಟುಕೊಂಡಿತು. ಬಿ.ಎ. ಮುಗಿಸಿ, ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸುವ ಕೆಲಸ ಹಿಡಿದು, ಬೇಗ ಯಾವುದಾದರೂ ಒಂದು ವಸ್ತು ನನ್ನನ್ನು ಕರುಣಿಸಲಿ ಎಂದು ಕಾಯುತ್ತಿದ್ದೆ. ಆಗ ಒಂದು ಮಧ್ಯಾಹ್ನ ದರ್ಜಿ ಚಂಪಕ್ಕನ ಅಂಗಡಿಯ ಮುಂದೆ, ಸುಡು ಬಿಸಿಲಿನಲ್ಲಿ, ನನ್ನ ಬಟನ್ ಕೊಡೆಯನ್ನು ಬಿಚ್ಚಿದೆ. ಬೆಳಿಗ್ಗೆ ನಮ್ಮ ಉಪ್ಪಿನ ಜಾಡಿ ಬೆವರಿದ್ದನ್ನು ನೋಡಿದ್ದೆ. ಹೋಟೆಲಿನ ಹೊಗೆ ಮೇಲೇಳದೆ ಬೀದಿಯಲ್ಲೇ ಮಲಗಿತ್ತು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತಿದ್ದವು. ಮಾತು ಕಡಿಮೆಯವರಿಗೆ ಇಂಥದ್ದೆಲ್ಲ ಕಾಣುತ್ತದೆ, ಅಷ್ಟೆ. ಎರಡು ನಿಮಿಷಕ್ಕೆ ದಪ್ಪ ಹನಿ ಬಿತ್ತು.

"ಅಯ್ಯೋ, ನೋಡ್ರೇ! ವಾರಿಜನ ಕೊಡೆಗೆ ಗುಣ ಬಂದಿದೆ ಕಣ್ರೇ! ಮಳೆಗೆ ಮುಂಚೆ ತಾನೇ ಬಿಚ್ಕೊಳ್ತು!" ಎಂದು ಚಂಪಕ್ಕ ಬೀದಿಯ ಆ ತುದಿಗೂ ಈ ತುದಿಗೂ ಕೇಳುವ ಹಾಗೆ ಕೂಗಿದಳು.

ಇಲ್ಲ, ಬಟನ್ ಒತ್ತಿದ್ದು ನಾನೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಾಲ್ವರು ಸುತ್ತುಗಟ್ಟಿದ್ದರು. ನಾಲ್ಕು ಜನರ ಮುಂದೆ ನನಗೆ ನನ್ನ ಹೆಸರೇ ನೆನಪಾಗುವುದಿಲ್ಲ. ಸಂಜೆಯ ಹೊತ್ತಿಗೆ ದಪ್ಪ ಪುಸ್ತಕದಲ್ಲಿ ಕೊಡೆ ಏರಿಬಿಟ್ಟಿತ್ತು. ಆಗ ಇದ್ದ ಮುದಿ ಗುಮಾಸ್ತರು ಅದನ್ನು ತಿರುಗಿಸಿಯೂ ನೋಡಲಿಲ್ಲ. ನಾನು ಸುಳ್ಳು ಹೇಳಿದವಳಲ್ಲ. ನಿಜ ಹೇಳುವುದಕ್ಕೆ ಸ್ವಲ್ಪ ತಡ ಮಾಡಿದವಳು. ತಡ ಮಾಡುತ್ತ ಮಾಡುತ್ತ ಮೂರು ವರ್ಷವಾಯಿತು. ಅಷ್ಟರಲ್ಲಿ ನನ್ನ ಹೆಬ್ಬೆರಳು ಯಾರ ಕಣ್ಣಿಗೂ ಬೀಳದ ಹಾಗೆ ಬಟನ್ ಒತ್ತುವುದನ್ನು ಚೆನ್ನಾಗಿ ಕಲಿತಿತ್ತು.

ಏನೂ ಇಲ್ಲ ಎಂದು ಒಪ್ಪಿಕೊಂಡರೆ ಯಾರೂ ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಗುಣದ ವಸ್ತು ಇಲ್ಲದವರನ್ನು ಊರು ಬರಿಗೈಯವರು ಎಂದು ಕರೆದು ಸರದಿಗೆ ಹಾಕುತ್ತದೆ. ಸರದಿ ಎಂದರೆ ದಿನಕ್ಕೊಂದು ಮನೆಯವರು ತಮ್ಮ ವಸ್ತುವನ್ನು ಹಿಡಿದು ಬೆಳಗ್ಗೆಯೇ ಬಂದು, ಸಂಜೆಯವರೆಗೆ ಕೂತು, ಸಹಾಯ ಮಾಡಿ ಹೋಗುವುದು. ವಾರಕ್ಕೆ ಏಳೂ ದಿನ. ಹಿಂದೆ ಬಡಗಿ ಮರಿಸ್ವಾಮಿ ಎಂಬವನು ಸರದಿಯಲ್ಲಿದ್ದ. ನಾಲ್ಕು ವರ್ಷ ಅವನಿಗೆ ಜನ ತಟ್ಟೆ ತೊಳೆಯಲು ಬಿಡಲಿಲ್ಲ, ಮೊಳೆ ಹೊಡೆಯಲು ಬಿಡಲಿಲ್ಲ, ಮಧ್ಯಾಹ್ನ ಮಲಗಿದಾಗ ಹೊದಿಕೆ ಸರಿಮಾಡಿಕೊಳ್ಳಲೂ ಬಿಡಲಿಲ್ಲ. ಒಂದು ದಿನ ಅವನು ಕದ್ದುಮುಚ್ಚಿ ತನ್ನ ಬನಿಯನ್ನನ್ನು ತಾನೇ ಒಗೆಯುತ್ತಿದ್ದುದನ್ನು ಯಾರೋ ನೋಡಿ, ಊರೆಲ್ಲ ನೊಂದುಕೊಂಡಿತು. ಮರುದಿನ ಬೆಳಗಿನ ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ನನಗೋ, ಮನೆಗೆ ನೆಂಟರು ಬಂದರೆ ಹಿತ್ತಲಿಗೆ ಓಡುವ ಸ್ವಭಾವ. ಸರದಿಗೆ ಬಿದ್ದರೆ ನನ್ನ ಡೈರಿ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ಭಾನುವಾರದ ಆಟ ಮುಗಿಯಿತು.

ಆ ಆಟವನ್ನು ಕಟ್ಟಿದವಳು ನಾನು. ವಾಚನಾಲಯ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಅಲ್ಲಿ ಉದ್ದ ಮೇಜಿನ ಒಂದು ತುದಿಗೆ ನಾಲ್ಕು ಜನ ಕೂರುತ್ತೇವೆ. ನಾನು ನೋಟುಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಬರಿಯೂರು ಎಂಬ ಒಂದು ಊರಿನ ಕಥೆ ಹೇಳುತ್ತೇನೆ. ಉಳಿದ ಮೂವರು ಆ ಊರಿನಲ್ಲಿ ಒಬ್ಬೊಬ್ಬರಾಗಿ ಬದುಕುತ್ತಾರೆ. ಏನಾದರೂ ಮಾಡಬೇಕೆಂದರೆ ಆರು ಕವಡೆ ಹಾಕಬೇಕು. ನಾಲ್ಕು ಅಂಗಾತ ಬಿದ್ದರೆ ಆದ ಹಾಗೆ, ಇಲ್ಲದಿದ್ದರೆ ಇಲ್ಲ. ಬರಿಯೂರಿನಲ್ಲಿ ಸೌಟು ಬರಿ ಸೌಟು, ಬೀಗ ಬರಿ ಬೀಗ. ಚಪ್ಪಲಿ ಬಿಟ್ಟಲ್ಲೇ ಬಿದ್ದಿರುತ್ತದೆ. ಮೊದಲ ಸಲ ಇದನ್ನು ಹೇಳಿದಾಗ ಮೂವರೂ ಬೆಚ್ಚಿಬಿದ್ದು, "ಹಂಗಾದ್ರೆ ಆ ಜನ ಹೆಂಗೆ ಬದುಕ್ತಾರೆ?" ಎಂದಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಗೊತ್ತು ಎಂದು ಮಾತ್ರ ಹೇಳುವ ಹಾಗಿರಲಿಲ್ಲ.

ಚಂಪಕ್ಕನ ಕತ್ತರಿ ಅಳತೆ ತೆಗೆಯದೆಯೇ ಸರಿಯಾಗಿ ಕತ್ತರಿಸುತ್ತದೆ. ಊರಿಗೇ ಮರ್ಯಾದಸ್ಥೆಯಾದ ಆಕೆ ಬರಿಯೂರಿನಲ್ಲಿ ಕೆಂಚಿ ಎಂಬ ಕಳ್ಳಿ. ನಿವೃತ್ತರಾದ ದ್ಯಾವಪ್ಪ ಮೇಷ್ಟ್ರ ಸೀಮೆಸುಣ್ಣ ತಪ್ಪು ಉತ್ತರ ಬರೆಯುವುದೇ ಇಲ್ಲ. ಅವರು ಬರಿಯೂರಿನಲ್ಲಿ ಶಾಲೆ ತಪ್ಪಿಸಿ ಮರ ಹತ್ತುವ ಪುಂಡ. ಮೂರನೆಯವರು ಗಡಿಯಾರ ರಿಪೇರಿಯ ಇನಾಯತ್ ಮಾಮ. ಅವರ ಕನ್ನಡಕ ಹಾಕಿಕೊಂಡರೆ ಯಾವ ವಸ್ತುವಿನಲ್ಲಿ ಏನು ಕೆಟ್ಟಿದೆ ಎಂಬುದು ಕಾಣುತ್ತದೆ. ಆಟದಲ್ಲಿ ಅವರು ಯಾವತ್ತೂ ಬಟ್ಟೆ ತಡಮಾಡಿ ಕೊಡುವ ಅಗಸ.

ಮೂರು ಭಾನುವಾರಗಳಿಂದ ಆಟ ಒಂದೇ ಕಡೆ ನಿಂತಿತ್ತು. ಕೆಂಚಿ ಒಂದು ಮನೆಯ ಬಾಗಿಲ ಮುಂದೆ ಕೂತಿದ್ದಳು, ಕವಡೆ ಅಂಗಾತ ಬೀಳುತ್ತಿರಲಿಲ್ಲ.

"ಏಯ್ ವಾರಿಜಾ, ನನ್ನ ಕೆಂಚಿಗೆ ಒಂದು ಗುಣದ ಕೀಲಿ ಕೊಟ್ಬಿಡೇ," ಎಂದಳು ಚಂಪಕ್ಕ. "ಯಾವ ಬೀಗಕ್ಕಾದ್ರೂ ಆಗೋ ಅಂಥದ್ದು. ಕೂತೂ ಕೂತೂ ಪಾಪ ಅವಳ ಕಾಲು ಜೋಮು ಹಿಡ್ದಿದೆ."

"ಕೊಟ್ಟರೆ ಮುಂದಿನ ವಾರಕ್ಕೆ ಕೆಂಚಿ ಊರನ್ನೇ ದೋಚಿರ್ತಾಳೆ. ಆಮೇಲೆ ಆಟ ಎಲ್ಲಮ್ಮಾ?" ಎಂದರು ಮೇಷ್ಟ್ರು. "ಒಂದೂ ಇರಬಾರದು. ಒಂದು ಬಿಟ್ಟರೆ ಹಿಂದೇನೇ ಹತ್ತು ಬರ್ತಾವೆ."

"ತಲೆಗೊಂದು ಇದ್ರೆ ಊರೇನು ಮುಳುಗಿಹೋಗುತ್ತಾ ಮೇಷ್ಟ್ರೇ? ನಮ್ಮೂರಲ್ಲಿ ಎಷ್ಟಿವೆ! ನಮ್ಮೂರು ಹಾಳಾಗಿದ್ಯಾ?"

ಮೇಷ್ಟ್ರು ಕಿಸೆಯಿಂದ ತಮ್ಮ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟರು. "ಮೂರು ತಲೆಮಾರಿಗೆ ಪಾಠ ಹೇಳಿದೀನಿ. ಅಷ್ಟೂ ಜನರಲ್ಲಿ ಒಬ್ಬರಿಗೆ ಏಳರ ಮಗ್ಗಿ ಬರುತ್ತಾ ಕೇಳು. ಯಾಕೆ ಬರಬೇಕು? ಇದು ಬರೀತಿತ್ತಲ್ಲ!"

"ನಂಗೂ ಬರಲ್ಲ," ಎಂದಳು ಚಂಪಕ್ಕ. ಅವಳೂ ಅವರ ಶಿಷ್ಯೆಯೇ.

ಇನಾಯತ್ ಮಾಮ ಕವಡೆಗಳನ್ನು ಬೆರಳಿನಲ್ಲಿ ಉರುಳಿಸುತ್ತ ನಕ್ಕರು. "ಊರಿಗೆಲ್ಲ ಒಂದೇ ಒಂದು ಇರ್ಲಿ. ಒಂದೂ ಇಲ್ದಿದ್ರೆ ಆಸೆ ಇರಲ್ಲ. ರಾಶಿ ಬಿದ್ದಿದ್ರೆ ಕಣ್ಣಿಗೆ ಬೀಳಲ್ಲ. ಒಂದಿದ್ರೆ, ಅದು ಯಾರ ಹತ್ರ ಇದೆ ಅಂತ ಎಲ್ರೂ ಎಲ್ರ ಮುಖ ನೋಡ್ತಾರೆ."

"ಒಂದೇ ಅಂದ್ರೆ ಅದು ಕೆಂಚಿಗೇ."

"ಯಾಕೆ, ಪುಂಡನಿಗೆ ಯಾಕಾಗಬಾರದು?" ಎಂದುಬಿಟ್ಟರು ಮೇಷ್ಟ್ರು, ಒಂದೂ ಬೇಡವೆಂದ ಬಾಯಲ್ಲೇ.

ಮೂವರೂ ನನ್ನ ಕಡೆ ತಿರುಗಿದರು. ನಾನು ನೋಟುಪುಸ್ತಕದ ಹಿಂದೆ ಇನ್ನಷ್ಟು ಕೆಳಗೆ ಸರಿದು, "ನೋಡೋಣ" ಎಂದೆ.

ಆ ಸಂಜೆಯೇ ಪುರಸಭೆಯ ಹಲಗೆಯ ಮೇಲೆ ನೋಟೀಸು ಕಂಡಿತು. ಚನ್ನವೀರಯ್ಯ ಎಂಬ ಹೊಸ ಪರೀಕ್ಷಕರು ಬಂದಿದ್ದಾರೆ. ಹಿಂದಿನವರು ನೋಡದೆ ಬರೆದುಕೊಂಡ ವಸ್ತುಗಳನ್ನೆಲ್ಲ ಮತ್ತೆ ಪರೀಕ್ಷಿಸುತ್ತಾರೆ. ವಸ್ತು ಗೋಡೆಯ ಗೂಟದಲ್ಲಿರಬೇಕು, ಒಡೆಯರು ಮೂರು ಮಾರು ದೂರ ಕೂತಿರಬೇಕು, ಪರಿಚಯದ ಮೂವರು ಸಾಕ್ಷಿಗಳಿರಬೇಕು. ಸಂಜೆ ನಾಲ್ಕು ಗಂಟೆಯೊಳಗೆ ಗುಣ ಕಾಣದಿದ್ದರೆ ಹೆಸರು ಸರದಿಗೆ. ನನ್ನ ಹೆಸರಿನ ಮುಂದೆ ಚೈತ್ರದ ಎರಡನೇ ಸೋಮವಾರ ಎಂದಿತ್ತು. ಚೈತ್ರದಲ್ಲಿ ನಮ್ಮೂರಿನಲ್ಲಿ ಕಾಗೆಗಳೂ ಬಾಯಿ ತೆರೆದುಕೊಂಡು ಕೂತಿರುತ್ತವೆ. ಮಳೆಯ ಮಾತೇ ಇಲ್ಲ. ಇದ್ದರೂ, ಮೂರು ಮಾರು ದೂರಕ್ಕೆ ನನ್ನ ಹೆಬ್ಬೆರಳು ಮುಟ್ಟುವುದಿಲ್ಲ. ಅಂದಿನ ಡೈರಿಯಲ್ಲಿ ಒಂದೇ ಸಾಲಿದೆ: ಮರಿಸ್ವಾಮಿ ಯಾವ ಊರಿಗೆ ಹೋದನೋ ಕೇಳಿಕೊಳ್ಳಬೇಕಿತ್ತು.

ಮುಂದಿನ ಭಾನುವಾರ ಆಟದಲ್ಲಿ ಇನಾಯತ್ ಮಾಮನ ಅಗಸನ ಪಾಳಿ. ಒಗೆದ ಬಟ್ಟೆ ಮೂರು ಸಲ ಮಳೆಗೆ ನೆಂದು, ಬರಿಯೂರಿನ ಜನ ಅವನನ್ನು ಬೈಯುತ್ತಿದ್ದರು. ಮಾಮ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು.

"ನೋಡಮ್ಮಾ, ತೇವದ ಗಾಳಿ ಬಂದ್ರೆ ನಾರಿನ ಹುರಿ ಬಿಗಿಯಾಗತ್ತೆ. ಮಳೆಗಾಲದಲ್ಲಿ ಹುರಿ ಮಂಚ ಟಣಟಣ ಅನ್ನಲ್ವಾ? ನನ್ನ ಅಗಸ ಒಂದು ಹುರಿಗೆ ಗಂಟೆ ಕಟ್ತಾನೆ. ಹುರಿ ಎಳೀತು ಅಂದ್ರೆ ಗಂಟೆ ಅಲ್ಲಾಡತ್ತೆ. ಬಟ್ಟೆ ಒಳಗೆ ತಗೋತಾನೆ. ಇದಕ್ಕೆ ಗುಣ ಬೇಡ, ಗಮನ ಸಾಕು."

ಕವಡೆ ಹಾಕಿದರು. ಐದು ಅಂಗಾತ. ಚಂಪಕ್ಕ ಹೊಟ್ಟೆಕಿಚ್ಚಿನಿಂದ, "ಸಾಬ್ರ ಕವಡೇಲೇ ಏನೋ ಗುಣ ಇದೆ" ಎಂದಳು. ನಾನು ಬರೆದುಕೊಳ್ಳುತ್ತಿದ್ದವಳು ಪೆನ್ನು ಎತ್ತುವುದನ್ನೇ ಮರೆತೆ. ನೋಟುಪುಸ್ತಕದಲ್ಲಿ ಈಗಲೂ ಅಲ್ಲೊಂದು ದೊಡ್ಡ ಶಾಯಿಯ ಕಲೆ ಇದೆ.

ಮನೆಯ ಅಟ್ಟದ ಮೇಲೆ ಹಳೆಯ ಹುರಿ ಮಂಚವಿತ್ತು. ಅದರಿಂದ ಒಂದು ಗೇಣು ಹುರಿ ಬಿಚ್ಚಿ, ಕೊಡೆಯ ಬಟ್ಟೆಯೊಳಗೆ ಕಡ್ಡಿಗುಂಟ ಎಳೆದು, ಬಟನ್ನಿನ ಮೇಲೆ ಹಾಯಿಸಿ ಕಟ್ಟಿದೆ. ಬಚ್ಚಲಿನಲ್ಲಿ ಹಂಡೆ ನೀರು ಕುದಿಸಿ ಆವಿಯ ನಡುವೆ ಕೊಡೆಯನ್ನು ನೇತುಹಾಕಿ ಕೂತೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಹುರಿ ಜಾರಿತು. ಹನ್ನೊಂದನೇ ದಿನ ಫಟ್ ಎಂದು ಬಿಚ್ಚಿಕೊಂಡು ನನ್ನ ಹಣೆಗೆ ಬಡಿಯಿತು. ನೋವಿಗಿಂತ ಹೆಚ್ಚಾಗಿ ಬೆರಗಾಯಿತು. ಹುಟ್ಟಿದಾಗಿನಿಂದ ಗುಣದ ವಸ್ತುಗಳ ನಡುವೆ ಬೆಳೆದ ನಾನು, ಒಂದು ವಸ್ತುವನ್ನು ನೋಡಿ ಬೆರಗಾದದ್ದು ಅದೇ ಮೊದಲು.

"ಏನೇ ಅದು, ಬಚ್ಚಲಲ್ಲಿ ಒಬ್ಳೇ ನಗ್ತಾ ಇದೀಯಾ?" ಎಂದು ಅಮ್ಮ ಹೊರಗಿನಿಂದ ಕೇಳಿದಳು.

ಆದರೂ ಒಂದು ದೊಡ್ಡ ತೊಡಕು ಉಳಿದಿತ್ತು. ಕೊಡೆ ಬಿಚ್ಚಲು ತೇವ ಬೇಕು. ಮಳೆ ಬರಲು ಮೋಡ ಬೇಕು. ಆ ಸೋಮವಾರ ಬೆಳಿಗ್ಗೆ ಉಪ್ಪಿನ ಜಾಡಿಯನ್ನು ನೋಡಿದೆ. ಮರಳುಗಾಡಿನಂತೆ ಒಣಗಿತ್ತು.

ಚನ್ನವೀರಯ್ಯನವರು ತೆಳ್ಳಗೆ, ಉದ್ದಕ್ಕೆ, ಮಾತಿಗೊಮ್ಮೆ "ನಿಯಮದ ಪ್ರಕಾರ" ಎನ್ನುವವರು. ಕೊಡೆಯನ್ನು ಕಿಟಕಿಯ ಪಕ್ಕದ ಗೂಟಕ್ಕೆ ಹಾಕಿಸಿ, ತಾವು ಎದುರಿಗೆ ಕೂತರು. ನನ್ನ ಮೂವರು ಆಟಗಾರರೇ ಸಾಕ್ಷಿಗಳು, ಬೇರೆ ಯಾರನ್ನು ಕರೆಯಲಿ? ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಕಿಟಕಿಯ ಹೊರಗೆ ಬಿಸಿಲು ಬೆಳ್ಳಗೆ ಕುದಿಯುತ್ತಿತ್ತು. ಮಾಳಿಗೆಯ ಮೇಲೆ ತಾಯವ್ವ ಹಪ್ಪಳ ಹರಡುತ್ತ ಓಡಾಡುವ ಸಪ್ಪಳ ಕೇಳುತ್ತಿತ್ತು. ಎರಡಾಯಿತು, ಮೂರಾಯಿತು. ಮೇಷ್ಟ್ರು, "ಮಳೆಯೇ ಇಲ್ಲದ ದಿನ ಕೊಡೆ ಬಿಚ್ಚದೆ ಇರುವುದೂ ಗುಣವೇ ಅಲ್ಲವೇ ಸ್ವಾಮೀ?" ಎಂದು ವಾದ ತೆಗೆದರು. "ಹಾಗಾದರೆ ನಿಯಮದ ಪ್ರಕಾರ ನನ್ನ ಮನೆಯ ಪೊರಕೆಗೂ ಗುಣವಿದೆ. ಅದೂ ಬಿಚ್ಚುವುದಿಲ್ಲ," ಎಂದರು ಪರೀಕ್ಷಕರು. ನನಗೆ ಅಂಗೈ ಒದ್ದೆಯಾಗಿತ್ತು. ಊರಿನಲ್ಲಿ ಇದ್ದ ತೇವವೆಲ್ಲ ಅದೊಂದೇ ಇರಬೇಕು.

ಮೂರೂವರೆಗೆ ಚಂಪಕ್ಕ ಬೇಸತ್ತು ಎದ್ದಳು. "ಎಷ್ಟು ಹೊತ್ತು ಅಂತ ಹಿಂಗೆ ಕೂರೋದು? ಕಾಫಿನಾದ್ರೂ ಕುಡೀರಿ ಸ್ವಾಮಿ" ಎನ್ನುತ್ತ ಮನೆಯಿಂದ ತಂದಿದ್ದ ದೊಡ್ಡ ಕಾಫಿ ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದಳು. ಬೆಳಿಗ್ಗೆ ಹಾಕಿದ ಕಾಫಿ ಸಂಜೆಯಾದರೂ ಕುದಿಯುತ್ತಲೇ ಇರುವ ಪಾತ್ರೆ ಅದು, ಅವಳ ಅತ್ತೆಯ ಕಾಲದ್ದು. ಆವಿ ದಪ್ಪಗೆ ಎದ್ದು, ನೇರವಾಗಿ ಮೇಲಿದ್ದ ಕೊಡೆಯೊಳಗೆ ನುಗ್ಗಿತು. ನಾನು ಕಣ್ಣು ಮುಚ್ಚಿಕೊಂಡೆ.

ಫಟ್!

ಪರೀಕ್ಷಕರ ಕೈಯ ಲೋಟ ತುಳುಕಿತು. ಹೊರಗೆ ಅದೇ ಬಿಸಿಲು, ಒಂದು ಎಳೆ ಮೋಡವಿಲ್ಲ. ಆಗ ಅವರು ನಮ್ಮೂರಿನವರು ಮಾತ್ರ ಮಾಡಬಹುದಾದ ಒಂದು ಕೆಲಸ ಮಾಡಿದರು. ಆಕಾಶವನ್ನು ನೋಡಲಿಲ್ಲ. ಕೊಡೆಯನ್ನೇ ನಂಬಿ, ಕಿಟಕಿಯಿಂದ ಕತ್ತು ಹೊರಚಾಚಿ ಕೂಗಿದರು: "ತಾಯವ್ವಾ! ಹಪ್ಪಳ ಒಳಗೆ ತಗೊಳ್ಳಿ! ಮಳೆ ಬರ್ತಾ ಇದೆ!"

"ಅಯ್ಯಯ್ಯೋ, ಐನೂರು ಹಪ್ಪಳ!" ಎಂದು ಮೇಲಿನಿಂದ ಕೇಳಿತು. ದಡದಡ ಓಡಿದ ಸದ್ದು. ಕಲ್ಲು ಉರುಳಿದ ಸದ್ದು. ಆಮೇಲೆ ಹಿತ್ತಾಳೆ ನೆಲಕ್ಕೆ ಬಡಿದು ಠಣ್ ಎಂದ ಸದ್ದು.

ಮರುಕ್ಷಣ ಸೂರಿನ ಉದ್ದಕ್ಕೂ ಕಿಟಕಿಯ ಹೊರಗೆ ಧೋ ಎಂದು ನೀರು ಸುರಿಯತೊಡಗಿತು. ಬಿಸಿಲಿಗೆ ಹೊಳೆಯುತ್ತ ಸುರಿಯಿತು.

"ಬಿಸಿಲು ಮಳೆ," ಎಂದರು ಚನ್ನವೀರಯ್ಯನವರು ಭಕ್ತಿಯಿಂದ, ಮೊಹರು ತೆಗೆದುಕೊಳ್ಳುತ್ತ. "ನಾನೇ ಇದನ್ನು ಹೇಳಲಾರದೆ ಹೋಗುತ್ತಿದ್ದೆ. ಕೊಡೆ ಹೇಳಿತು ನೋಡಿ!"

ಮೇಷ್ಟ್ರು ಕೆಮ್ಮಿದರು. ಚಂಪಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಇನಾಯತ್ ಮಾಮ ಕನ್ನಡಕ ತೆಗೆದು ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. ಮೊಹರು ಬಿತ್ತು.

ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಗೆದ್ದ ಸಂತೋಷ ಮರುದಿನ ಬೆಳಿಗ್ಗೆ ಆರು ಗಂಟೆಯವರೆಗೆ ಇತ್ತು. ಆರಕ್ಕೆ ಬಾಗಿಲು ಬಡಿದವಳು ತಾಯವ್ವ.

"ವಾರಿಜಮ್ಮಾ, ಕೊಡೆ ಏನಂತೈತೆ? ಇವತ್ತು ಸಂಡಿಗೆ ಹಾಕ್ಲಾ, ಬ್ಯಾಡ್ವಾ?"

ಅವಳ ಹಿಂದೆ ಇಟ್ಟಿಗೆ ಸುಡುವವರು, ಅವರ ಹಿಂದೆ ಮೆಣಸಿನಕಾಯಿ ಒಣಗಿಸುವವರು, ಅವರ ಹಿಂದೆ ಮಗಳ ಮದುವೆಗೆ ಚಪ್ಪರ ಹಾಕಿಸುವವರು. ಊರಿನಲ್ಲಿ ಸಾವಿರ ಗುಣದ ವಸ್ತುಗಳಿದ್ದರೂ ಮಳೆ ಹೇಳುವುದು ಇದೊಂದೇ ಆಗಿತ್ತು, ಅದೂ ಹೊಸ ಮೊಹರಿನದು. ಜಗಲಿಯ ಮೇಲೆ ಜನ ಕೂತು ಕಾದರು. ಕೊಡೆಯ ಮುಂದೆ ಒಬ್ಬರು ಊದುಬತ್ತಿ ಹಚ್ಚಿದರು. ಅಮ್ಮ ಎಲ್ಲರಿಗೂ ಉಪ್ಪಿಟ್ಟು ಮಾಡಿ ಮಾಡಿ, ಕೊನೆಗೆ ಅವಳ ಸೌಟು ಉಪ್ಪು ಸರಿಯಿದ್ದಾಗಲೂ ಬಾಣಲೆಗೆ ಇಳಿಯಲು ಒಲ್ಲೆ ಎಂದಿತು. ಹಗಲೆಲ್ಲ ನಮ್ಮ ಮನೆ ತುಂಬಿರುತ್ತಿತ್ತು. ಸರದಿಗೆ ಬಿದ್ದಿದ್ದರೆ ದಿನಕ್ಕೆ ಒಂದೇ ಮನೆಯವರು ಬರುತ್ತಿದ್ದರು! ಎರಡು ಭಾನುವಾರ ಆಟ ನಡೆಯಲಿಲ್ಲ. ಡೈರಿಯಲ್ಲಿ ಹದಿನಾರು ಹಾಳೆ ಖಾಲಿ.

ಮೂರನೇ ವಾರ ಇನಾಯತ್ ಮಾಮ ಬಂದರು. ಗುಂಪು ಊಟಕ್ಕೆ ಕರಗಿದ್ದ ಹೊತ್ತು. ಹಿತ್ತಲಿನ ಬಾಳೆ ಗಿಡದ ಮರೆಯಲ್ಲಿ ಕೂತಿದ್ದ ನನ್ನನ್ನು ಹುಡುಕಿ, ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು, "ಹುರಿಯ ಗಂಟು ಚೆನ್ನಾಗಿ ಹಾಕಿದ್ದೀ" ಎಂದರು.

ನಾನು ಥಟ್ಟನೆ ಅವರ ಕಡೆ ತಿರುಗಿದೆ. "ಮಾಮಾ, ನಿಮಗೆ ಯಾವಾಗಿನಿಂದ…"

"ಮೂರು ವರ್ಷದಿಂದ."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ನನ್ನ ಕನ್ನಡಕ ಕೆಟ್ಟಿರೋದನ್ನ ಮಾತ್ರ ತೋರ್ಸತ್ತಮ್ಮ. ನಿನ್ನ ಕೊಡೇಲಿ ಕೆಟ್ಟಿದ್ದು ಏನೂ ಇರ್ಲಿಲ್ಲ. ಒಳ್ಳೇ ಕೊಡೆ ಅದು." ಆಮೇಲೆ ಬಾಳೆ ಗಿಡಕ್ಕೆ ಹೇಳುವವರ ಹಾಗೆ ಹೇಳಿದರು: "ದಪ್ಪ ಪುಸ್ತಕದಲ್ಲಿ ಇದ್ದವರು, ಇಲ್ಲದವರು ಅಂತ ಎರಡೇ ಪಟ್ಟಿ ಅಂತ ಎಲ್ರೂ ಅಂದ್ಕೊಂಡಿದ್ದಾರೆ. ಹಿಂದುಗಡೆ ಇನ್ನೊಂದು ಇದೆ. ಸವೆದವರು. ಮೊಹರು ಬಿದ್ದ ವಸ್ತು ದುಡಿದೂ ದುಡಿದೂ ಗುಣ ಸವೆದುಹೋದ್ರೆ, ಅದನ್ನ ಇಟ್ಕೊಂಡವರನ್ನ ಯಾರೂ ಸರದಿಗೆ ಹಾಕಂಗಿಲ್ಲ, ಕೆಲಸಕ್ಕೂ ಕರೆಯಂಗಿಲ್ಲ. ಅವ್ರ ಮನೆ ಮುಂದೆ ಜನ ದನಿ ತಗ್ಗಿಸಿ ಹೋಗ್ತಾರೆ."

"ಸವೆಯುವುದು ಅಂದರೆ ಹೇಗೆ ಮಾಮಾ?"

"ಬರಿಯೂರಲ್ಲಿ ಕೊಡೆ ಹೆಂಗಿರತ್ತೋ ಹಂಗೆ ಇದ್ಬಿಟ್ರೆ ಸಾಕು," ಎಂದು ಎದ್ದು ಹೋದರು.

ಆ ಸಂಜೆ ನಾನು ಕೊಡೆಯೊಳಗಿನ ಹುರಿಯನ್ನು ಬಿಚ್ಚಿ ತೆಗೆದೆ. ಹತ್ತು ದಿನಕ್ಕೆ ಉಪ್ಪಿನ ಜಾಡಿ ಬೆವರಿತು. ಹೋಟೆಲಿನ ಹೊಗೆ ಬೀದಿಯಲ್ಲಿ ಮಲಗಿತು. ಬೆಳಿಗ್ಗೆ ಜಗಲಿಯ ತುಂಬ ಜನ. ಕೊಡೆ ಗೂಟದಲ್ಲಿ ಮಡಿಚಿಕೊಂಡೇ ಇತ್ತು. "ಬಿಚ್ಚಿಲ್ಲ, ಮಳೆ ಇಲ್ಲ, ನಡೀರಿ!" ಎಂದು ಅವರೇ ಹೇಳಿಕೊಂಡರು. ತಾಯವ್ವ ನನ್ನ ಮುಂದೆಯೇ ಬುಟ್ಟಿ ಎತ್ತಿದಳು. ನಿಲ್ಲು ಎನ್ನಲು ನನ್ನ ಬಾಯಿ ತೆರೆದುಕೊಂಡಿತು. ಮೂರು ವರ್ಷದ ಹಿಂದೆ ತೆರೆದ ಹಾಗೆಯೇ ತೆರೆದು, ಹಾಗೆಯೇ ಉಳಿಯಿತು. ಮಧ್ಯಾಹ್ನ ಒಂದು ಗಂಟೆಗೆ ಮಳೆ ಕೊಡದಲ್ಲಿ ಹೊಯ್ದಂತೆ ಬಂತು. ಸಂಡಿಗೆ ಅಂಬಲಿಯಾಯಿತು. ಮೆಣಸಿನಕಾಯಿ ಬೀದಿಯಲ್ಲಿ ತೇಲಿಹೋಯಿತು. ಚಪ್ಪಲಿಗಳು ಮಾತ್ರ ಒಂದು ಗಂಟೆ ಮೊದಲೇ ಸಾಲಾಗಿ ಮನೆ ಸೇರಿಕೊಂಡಿದ್ದವು. ಅವುಗಳನ್ನು ಯಾರೂ ಗಮನಿಸಿರಲಿಲ್ಲ.

ಚನ್ನವೀರಯ್ಯನವರು ಒದ್ದೆ ಪಂಚೆಯಲ್ಲೇ ಬಂದು, ಕೊಡೆಯನ್ನು ತಿರುಗಿಸಿ ನೋಡಿ, ತಲೆ ತಗ್ಗಿಸಿದರು. "ಸವೆದಿದೆ. ನಾವೇ ಅತಿಯಾಗಿ ದುಡಿಸಿಬಿಟ್ಟೆವು," ಎಂದರು. ಜನ ಕಣ್ಣೊರೆಸಿಕೊಂಡರು. ಕೊಡೆಗೆ ಯಾರೋ ಸೇವಂತಿಗೆ ಹಾರ ಹಾಕಿದರು. ಅಲ್ಲಿಂದ ಮುಂದೆ ಜಗಲಿ ಖಾಲಿಯಾಯಿತು. ನಮ್ಮ ಮನೆಯ ಮುಂದೆ ಹಾದುಹೋಗುವಾಗ ಎಂಥ ಬಾಯಿಬಡುಕರೂ ಪಿಸುಮಾತಿಗೆ ಇಳಿದರು. ನನಗೆ ಚುಚ್ಚಿದ್ದು ಒಂದೇ, ತಾಯವ್ವನ ಸಂಡಿಗೆ. ಮಾಳಿಗೆ ಹತ್ತಿ ಹೋಗಿ, ಮಾತಾಡದೆ, ಒಂದು ವಾರ ಅವಳ ಜೊತೆ ಕೂತು ಹಿಟ್ಟು ಒತ್ತಿಕೊಟ್ಟೆ. "ಕೊಡೆ ಹೋದ ದುಃಖಕ್ಕೆ ಕೈ ಸುಮ್ನಿರಲ್ಲ ಮಗೀಗೆ" ಎಂದು ಅವಳು ಊರಿಗೆಲ್ಲ ಹೇಳಿದಳು.

ಮತ್ತೆ ಭಾನುವಾರ ಬಂತು. ಉದ್ದ ಮೇಜಿನ ತುದಿಗೆ ನಾಲ್ವರೂ ಕೂತೆವು. ಹಾರ ಒಣಗಿದ ಕೊಡೆಯನ್ನು ಗೋಡೆಗೆ ಒರಗಿಸಿದ್ದೆ. ಇನಾಯತ್ ಮಾಮ ಏನೂ ಹೇಳಿರಲಿಲ್ಲ. ಆದರೂ ಚಂಪಕ್ಕ ಕೂರುತ್ತಲೇ, "ಏನೇ ಸವೆದವಳೇ, ನನ್ನ ಕಾಫಿ ಕುಡ್ದು ಸವೀತಾ ನಿನ್ನ ಕೊಡೆ?" ಎಂದು ಕಣ್ಣು ಹೊಡೆದಳು. ಮೇಷ್ಟ್ರು ಮೀಸೆಯೊಳಗೇ ನಕ್ಕರು. ಮೂವರಿಗೂ ಗೊತ್ತಿತ್ತು. ಮೂವರ ಮುಂದೆ ಬಯಲಾದರೂ ನನಗೆ ಹಿತ್ತಲಿಗೆ ಓಡಬೇಕೆನಿಸಲಿಲ್ಲ. ನೋಟುಪುಸ್ತಕವನ್ನು ಮುಖದಿಂದ ಇಳಿಸಿ ಮೇಜಿನ ಮೇಲಿಟ್ಟೆ.

"ಈಗ ಹೇಳಮ್ಮ," ಎಂದರು ಮೇಷ್ಟ್ರು. "ಬರಿಯೂರಲ್ಲಿ ಗುಣದ ವಸ್ತು ಎಷ್ಟು?"

"ಒಂದು," ಎಂದೆ. ನನ್ನ ದನಿ ನನಗೇ ಕೇಳಿಸುವಷ್ಟು ದೊಡ್ಡದಾಗಿತ್ತು. "ಒಂದೇ. ಆದರೆ ಅದು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಇಟ್ಟುಕೊಂಡವರಿಗೂ ಗೊತ್ತಿಲ್ಲ. ಗೊತ್ತಾಗುವವರೆಗೂ ಎಲ್ಲರೂ ಬರಿಗೈಲೇ ನಡೆಸಬೇಕು."

ಚಂಪಕ್ಕ ಮುಂದಕ್ಕೆ ಬಾಗಿದಳು. "ಹಂಗಂದ್ರೆ ಕೆಂಚಿ ಹತ್ರ ಇದ್ರೂ ಇರಬಹುದು?"

"ಇರಬಹುದು."

"ಪುಂಡನ ಹತ್ತಿರ?" ಎಂದರು ಮೇಷ್ಟ್ರು.

ಉತ್ತರಿಸುವಷ್ಟರಲ್ಲಿ ಗೋಡೆಯ ಕಡೆಯಿಂದ ಫಟ್ ಎಂದಿತು.

ಕೊಡೆ ಬಿಚ್ಚಿಕೊಂಡಿತ್ತು. ಒಣ ಸೇವಂತಿಗೆ ನೆಲದ ತುಂಬ ಚೆಲ್ಲಿತ್ತು. ಅದರೊಳಗೆ ಹುರಿ ಇರಲಿಲ್ಲ, ಹತ್ತಿರ ಕಾಫಿ ಇರಲಿಲ್ಲ, ಹೆಬ್ಬೆರಳು ನನ್ನ ಕೈಯಲ್ಲೇ ಇತ್ತು. ಕಿಟಕಿಯ ಹೊರಗೆ ಒಂದು ಹನಿ ಮಳೆಯೂ ಇಲ್ಲ. ಯಾವುದಕ್ಕೆ ಬಿಚ್ಚಿತೋ ಅದಕ್ಕೇ ಗೊತ್ತು. ಇನಾಯತ್ ಮಾಮ ಕನ್ನಡಕ ಏರಿಸಿ ಅದನ್ನೇ ನೋಡಿದರು, ಮೆಲ್ಲಗೆ ತಲೆಯಾಡಿಸಿ, "ಕೆಟ್ಟಿಲ್ಲ" ಎಂದರು.

"ಮುಚ್ಚೇ! ಮುಚ್ಚೇ ಅದನ್ನ, ಯಾರಾದ್ರೂ ನೋಡ್ಯಾರು!" ಎಂದು ಚಂಪಕ್ಕ ಹಾರಿಬಿದ್ದಳು. ಮೇಷ್ಟ್ರು ಓಡಿ ಬಾಗಿಲಿಗೆ ಅಗಳಿ ಹಾಕಿದರು. ಮಾಮ ಮತ್ತು ನಾನು ಒಂದೊಂದು ಕಡೆಯಿಂದ ಹಿಡಿದು, ಒಲ್ಲೆನೆನ್ನುವ ಕೊಡೆಯನ್ನು ಹೇಗೋ ಮಡಿಚಿದೆವು. ಚಂಪಕ್ಕ ಅದನ್ನು ಬೆಂಚಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಅದರ ಮೇಲೆಯೇ ಭದ್ರವಾಗಿ ಕೂತಳು.

"ಹೂಂ, ಇವತ್ತು ನೀನೇ ಹಾಕೇ ಕವಡೆ," ಎಂದಳು ಏದುಸಿರು ಬಿಡುತ್ತ.

ಅವಳ ಕೆಳಗೆ ಅದು ಎರಡು ಸಲ ಮಿಸುಕಿತು. ನಾನು ಕವಡೆ ಹಾಕಿದೆ.